ಇ46 ಹಿಂದಿನ ಕ್ಯಾಂಬರ್: ಇರುವ ಬೋಲ್ಟ್ ಸಾಕಾ, ಹೊಸ ಆರ್ಮ್ ಬೇಕಾ?

ಬಿಎಂಡಬ್ಲ್ಯೂ ಇ46 ಕಾರನ್ನು ತಗ್ಗಿಸಿದರೆ ಹಿಂದಿನ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ. ಅಂದರೆ ನೆಗೆಟಿವ್ ಕ್ಯಾಂಬರ್ ಜಾಸ್ತಿ. ಸರಿಮಾಡಲು ಮೂರು ದಾರಿಗಳಿವೆ.

ಕಂಪನಿಯೇ ಕೊಟ್ಟ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದಂತೆ ಆರ್ಮ್ ಅನ್ನು ಆಚೀಚೆ ಸರಿಸುವ ಬೋಲ್ಟ್) ಪುಕ್ಕಟೆ. ತಿರುಗಿಸಿದರೆ ಆಯಿತು, ತುಕ್ಕು ಹಿಡಿದಿರದಿದ್ದರೆ! ಆದರೆ ಅದರ ವ್ಯಾಪ್ತಿ ಕಡಿಮೆ. ಸ್ವಲ್ಪ ತಗ್ಗಿಸಿದ ಕಾರಿಗೆ ಸಾಕು. ಜಾಸ್ತಿ ತಗ್ಗಿಸಿದರೆ ಬೋಲ್ಟ್ ಕೊನೆಗೆ ಬಂದು ನಿಂತುಬಿಡುತ್ತದೆ.

ಆಗ ಉದ್ದ ಬದಲಿಸಬಹುದಾದ ಆರ್ಮ್, ಅಂದರೆ ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ತೋಳು, ಬೇಕು. ಕೆಳಗಿನದಾ, ಮೇಲಿನದಾ? ಇಲ್ಲೇ ಜನ ಎಡವುವುದು. ಇ46ರಲ್ಲಿ ಹಿಂದಿನ ಸ್ಪ್ರಿಂಗ್ ಕೂರುವುದೇ ಮೇಲಿನ ಆರ್ಮ್ ಮೇಲೆ. ಕಾರಿನ ಭಾರ ಅದರ ಮೇಲೇ ಬೀಳುತ್ತದೆ. ಅಗ್ಗದ ಮಾಲನ್ನು ಅಲ್ಲಿ ಹಾಕಲು ನನಗಂತೂ ಧೈರ್ಯವಿಲ್ಲ. ಕೆಳಗಿನ ಆರ್ಮ್‌ಗೆ ಸ್ಪ್ರಿಂಗ್ ಭಾರವಿಲ್ಲ. ಅದನ್ನು ಗಿಡ್ಡ ಮಾಡಿದರೆ ಚಕ್ರದ ತಲೆ ಹೊರಗೆ ಬರುತ್ತದೆ. ಮೇಲಿನದಾದರೆ ಉದ್ದ ಮಾಡಬೇಕು.

ತುದಿಯಲ್ಲಿ ರಬ್ಬರ್ ಬುಶ್ (ಮೆತ್ತನೆಯ ಬಳೆ) ಇರುವ ಆರ್ಮ್ ಸದ್ದು ಮಾಡುವುದಿಲ್ಲ. ಲೋಹದ ಗೋಳಾಕಾರದ ಜಾಯಿಂಟ್ ಟ್ರ್ಯಾಕ್‌ನಲ್ಲಿ ಚುರುಕು, ಆದರೆ ನಮ್ಮ ಧೂಳು, ಮಳೆಗೆ ಬೇಗ ಸವೆದು ಕಟಕಟ ಅನ್ನುತ್ತದೆ. ದಿನಾ ಓಡಿಸುವ ಕಾರಿಗೆ ರಬ್ಬರೇ ಇರಲಿ.

ಯಾವುದನ್ನು ಆರಿಸಿದರೂ ಕ್ಯಾಂಬರ್ ಮೊದಲು ಸರಿಮಾಡಿ, ಟೋ (ಮೇಲಿಂದ ನೋಡಿದರೆ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದು) ಆಮೇಲೆ. ಒಂದನ್ನು ಮುಟ್ಟಿದರೆ ಇನ್ನೊಂದೂ ಕದಲುತ್ತದೆ. ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನೇ ಬೈಯುತ್ತಾರೆ, ಅಲ್ವಾ? ಎಷ್ಟೋ ಸಲ ಟೈರ್ ತಿನ್ನುವುದು ತಪ್ಪು ಟೋ. ರಸ್ತೆಗೆ ನಾನಾದರೆ ಮೈನಸ್ 1.5ರಿಂದ 2 ಡಿಗ್ರಿ ಇಡುತ್ತೇನೆ. ಮೊದಲು ಅಲೈನ್‌ಮೆಂಟ್ ಮಾಡಿಸಿ ನೋಡಿ. ಬೋಲ್ಟ್‌ನಲ್ಲೇ ಅಷ್ಟು ಸಿಕ್ಕರೆ ಆರ್ಮ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.