ಅಪ್ಪನ ಬಯೋಫೀಡ್‌ಬ್ಯಾಕ್ ತರಬೇತಿ: ವರ್ಷ ದಾಟಿದ ಮೇಲೆ

ಪಾರ್ಕಿನ್ಸನ್ ಕಾಯಿಲೆ ಇರುವ ಅಪ್ಪನಿಗೆ ಮಂಗಳೂರಿನಲ್ಲಿ ಬಯೋಫೀಡ್‌ಬ್ಯಾಕ್, ಅಂದರೆ ಮೈ ವಾಲಿದ್ದನ್ನು ಆಗಲೇ ತೋರಿಸಿಕೊಡುವ ಯಂತ್ರದಿಂದ ಬ್ಯಾಲೆನ್ಸ್ ತರಬೇತಿ ಶುರುಮಾಡಿ ವರ್ಷ ದಾಟಿತು. ನಮ್ಮ ಬದಿಯಡ್ಕದ ಕಡೆಯವರು ಕೆಲವರು ವಿಚಾರಿಸಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ಯಂತ್ರ ಅಂಥ ದೊಡ್ಡದೇನಲ್ಲ. ಕಾಲಡಿಗೆ ಸೆನ್ಸರ್ ಇರುವ ಹಲಗೆ, ಎದುರಿಗೆ ಪರದೆ. ಮೈಭಾರ ವಾಲಿದ ಕಡೆಗೆ ಪರದೆಯಲ್ಲಿ ಒಂದು ಚುಕ್ಕಿ ಸರಿಯುತ್ತದೆ, ಗೆರೆ ದಾಟಿದರೆ ಬೀಪ್. ಈ ಕಾಯಿಲೆಯಲ್ಲಿ ಮೈ ಹಿಂದಕ್ಕೆ ವಾಲಿದ್ದು ಎಷ್ಟೋ ಸಲ ಕಾಯಿಲೆ ಇರುವವರಿಗೇ ಗೊತ್ತಾಗುವುದಿಲ್ಲ. "ನಾನು ನೆಟ್ಟಗೇ ನಿಂತಿದ್ದೇನಲ್ಲ" ಎಂದು ಅಪ್ಪ ನಮ್ಮೊಡನೆ ವಾದಿಸುತ್ತಿದ್ದರು. ಚುಕ್ಕಿಯೊಡನೆ ವಾದ ನಡೆಯಲಿಲ್ಲ. ಸ್ವಲ್ಪ ಪಳಗಿದ ಮೇಲೆ ಫಿಸಿಯೋಥೆರಪಿಸ್ಟ್ ಮಾತಿಗೆಳೆಯಲು ಶುರುಮಾಡಿದರು. ಅಡಿಕೆಗೆ ಈಗೆಷ್ಟು ರೇಟು ಎಂದು ಕೇಳಿದ್ದೇ ತಡ, ಚುಕ್ಕಿ ಮೂಲೆಗೆ ಓಡಿತು! ಮಾತಾಡುತ್ತಾ ನಿಲ್ಲುವುದೂ ತರಬೇತಿಯ ಭಾಗವೇ. ಮನೆಯಲ್ಲಿ ಬೀಳುವುದು ಬಹಳ ಸಲ ಹಾಗೆ ಗಮನ ತಪ್ಪಿದಾಗಲೇ ತಾನೆ.

ಈಗ ಕುರ್ಚಿಯಿಂದ ಏಳುವಾಗ, ಜಗಲಿಯಿಂದ ಅಂಗಳಕ್ಕೆ ಇಳಿಯುವಾಗ ಧೈರ್ಯ ಬಂದಿದೆ. ನಡುಕಕ್ಕೆ ಇದರಿಂದ ಏನೂ ಆಗಿಲ್ಲ, ಆಗುತ್ತದೆಂದು ಫಿಸಿಯೋಥೆರಪಿಸ್ಟ್ ಕೂಡ ಹೇಳಿರಲಿಲ್ಲ. ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗಾಗುವುದೂ ಹಾಗೇ ಉಳಿದಿದೆ. ನನ್ನ ಕೇಳಿದರೆ, ಅದಕ್ಕೆ ಇಷ್ಟು ದುಬಾರಿ ಹಲಗೆಗಿಂತ ನೆಲಕ್ಕೆ ಅಡ್ಡಡ್ಡ ಅಂಟಿಸಿದ ಬಣ್ಣದ ಟೇಪೇ ಮೇಲು. ಗೆರೆ ದಾಟಬೇಕೆಂದು ನೋಡಿಕೊಂಡು ಹೆಜ್ಜೆ ಇಟ್ಟರೆ ಕಾಲು ಬಿಡುತ್ತದೆ.

ಆಟಿ ತಿಂಗಳ ಮಳೆಗೆ ತರಬೇತಿಗೆ ಹೋಗುವುದು ನಿಂತಾಗ ಹಿಡಿತ ಸಡಿಲವಾದದ್ದು ಕಣ್ಣಿಗೇ ಕಾಣುತ್ತಿತ್ತು. ಅವರು ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ದಿನಾ ಮಾಡಿಸುವವರಿಲ್ಲದಿದ್ದರೆ ಇದಕ್ಕೆ ದುಡ್ಡು ಹಾಕಬೇಡಿ.

ಸಿಟ್ಟು ಬಂದದ್ದು ಸಮಯದ ವಿಷಯಕ್ಕೆ. ಮೊದಲು ಕೊಟ್ಟದ್ದು ಮಧ್ಯಾಹ್ನದ ಹೊತ್ತು, ಈ ಕಾಯಿಲೆಗೆ ಕೊಡುವ ಲೆವೊಡೋಪ ಮಾತ್ರೆಯ ಪ್ರಭಾವ ಇಳಿಯುವ ಹೊತ್ತು. ಹಲಗೆ ಹತ್ತುವುದೇ ಕಷ್ಟ, ಕಲಿಯುವುದೆಲ್ಲಿ? ಜಗಳವಾಡಿಯೇ ಬೆಳಿಗ್ಗೆಗೆ ಬದಲಾಯಿಸಿಕೊಂಡೆವು. ದುಡ್ಡು ಕಟ್ಟುವ ಮುಂಚೆ ನಿಮ್ಮ ಮಾತ್ರೆಯ ಹೊತ್ತಿಗೆ ಹೊಂದುವ ಸಮಯ ಕೊಡುತ್ತಾರಾ, ಹಲಗೆಯ ಮೇಲೆ ನಿಂತಷ್ಟು ಹೊತ್ತೂ ಹಿಂದೆ ಒಬ್ಬರು ನಿಂತಿರುತ್ತಾರಾ ಕೇಳಿ. ನಿಂತಾಗ ಬಿ.ಪಿ. ಇಳಿಯುವವರಾದರೆ ಡಾಕ್ಟರಿಗೆ ಮೊದಲೇ ಹೇಳಿ.