ಚೀಟ್, ಮಿಸ್‌ಲೀಡ್, ಫ್ರಾಡ್: ದೂರಿನ ಪತ್ರಕ್ಕೆ ಯಾವ ಪದ?

ಔಟ್‌ಟರ್ನ್ (ಸಂಸ್ಕರಿಸಿದಾಗ ಸಿಗುವ ಶುದ್ಧ ಬೀಜದ ಪ್ರಮಾಣ) ಕಡಿಮೆ ತೋರಿಸಿ ಕಾಫಿಯ ದರ ಇಳಿಸಿದ ವ್ಯಾಪಾರಿಗೆ ಚಿಕ್ಕಮಗಳೂರಿನ ಬೆಳೆಗಾರರು ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ಕನ್ನಡದಲ್ಲಾದರೆ ‘ಟೋಪಿ ಹಾಕಿದ’ ಅಂದರೆ ಮುಗಿಯಿತು. ಇಂಗ್ಲಿಷಿನ ಈ ಮೂರು ಪದಗಳ ತೂಕ ಬೇರೆಬೇರೆ.

ಮೊದಲು ಉದ್ದೇಶ. ‘ಮಿಸ್‌ಲೀಡ್’ ಬೇಕೆಂದೇ ಮಾಡಿದ್ದಾಗಿರಬೇಕಿಲ್ಲ. ಹೇಳಿದ ಪ್ರತಿ ಮಾತು ನಿಜವಿದ್ದೂ ಕೇಳಿದವರು ದಾರಿ ತಪ್ಪಬಹುದು, ಒಳ್ಳೆಯ ಚೀಲದ ಸ್ಯಾಂಪಲ್ ಮಾತ್ರ ತೋರಿಸಿದ ಹಾಗೆ. ‘ಚೀಟ್’, ‘ಫ್ರಾಡ್’ ಎರಡಕ್ಕೂ ಕಪಟ ಇರಲೇಬೇಕು. 1872ರ ಕರಾರು ಕಾಯ್ದೆಯೂ ಫ್ರಾಡನ್ನು ಕಲಂ 17ರಲ್ಲಿಟ್ಟು, ನಿಜವೆಂದು ನಂಬಿ ಆಡಿದ ತಪ್ಪು ಮಾತನ್ನು 18ಕ್ಕೆ ತಳ್ಳಿದೆ.

ಇನ್ನು ಅಪಾಯ. ‘ಚೀಟಿಂಗ್’ ಬರೀ ಬೈಗುಳವಲ್ಲ, ಅಪರಾಧದ ಹೆಸರು. ಹಳೆಯ 420 ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ ಕಲಂ 318. ಪುರಾವೆಯಿಲ್ಲದೆ ಬರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮಾನನಷ್ಟದ ಕೇಸು ತಿರುಗಿ ಬಂದೀತು.

ವ್ಯಾಕರಣದಲ್ಲಿ ಚೀಟ್ ಸಲೀಸು: ‘ಹಿ ಚೀಟೆಡ್ ಮಿ’. (‘ಹಿ ಡಿಡ್ ಚೀಟಿಂಗ್’ ನಮ್ಮೂರಿನ ಇಂಗ್ಲಿಷು.) ಫ್ರಾಡ್ ನಾಮಪದ, ಕ್ರಿಯಾಪದ ಬೇಕಿದ್ದರೆ ‘ಡಿಫ್ರಾಡ್’. ಮಿಸ್‌ಲೀಡ್‌ನ ಭೂತಕಾಲ ‘ಮಿಸ್‌ಲೆಡ್’, ಸ್ಪೆಲಿಂಗಿನಲ್ಲಿ ‘ಎ’ ಅಕ್ಷರ ಬಿಟ್ಟುಹೋಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಬರೀ ಅನುಮಾನವಿದ್ದು ಮುಂದಿನ ವರ್ಷವೂ ಅವನಿಗೇ ಮಾರುವುದಾದರೆ ಮಿಸ್‌ಲೆಡ್ ಸಾಕು. ತೂಕದ ಚೀಟಿ ತಿದ್ದಿದ್ದು ಕೈಗೆ ಸಿಕ್ಕು ಠಾಣೆಗೆ ಹೋಗುವುದಾದರೆ ಚೀಟೆಡ್. ಕರಾರನ್ನೇ ರದ್ದು ಮಾಡಿಸುವ ನೋಟಿಸಿಗೆ ಫ್ರಾಡ್. ಅದನ್ನು ವಕೀಲರೇ ಬರೆಯಲಿ.