ಬೇಸ್‌ನ ಬ್ರಿಡ್ಜ್‌ಗೆ ಹಳೆ ಕಳೆ: ಫೆರಿಕ್ ಕ್ಲೋರೈಡ್, ಆಸಿಡ್ ಆವಿ, ವಿನೆಗರ್ ಹೋಲಿಕೆ

ಹಳೆಯದಾಗಿ ಕಾಣಲೆಂದು ಬೇಸ್ ಗಿಟಾರಿನ ಬಾಡಿಯ ಬಣ್ಣವನ್ನು ಎಷ್ಟೇ ಹದವಾಗಿ ಸವೆಸಿದರೂ ಅದರ ಮೇಲೆ ಸ್ಟ್ರಿಂಗ್‌ಗಳನ್ನು ಹಿಡಿದಿಡುವ ಲೋಹದ ಬ್ರಿಡ್ಜ್ ಹೊಚ್ಚಹೊಸದಾಗಿ ಫಳಫಳ ಹೊಳೆಯುತ್ತಿದ್ದರೆ ಮಾಡಿದ್ದೆಲ್ಲ ದಂಡ. ಕಣ್ಣು ಮೊದಲು ಹೋಗುವುದೇ ಲೋಹದ ಕಡೆಗೆ. ಹಾಗಾಗಿ ಹಳತು ಮಾಡಿಯೇ ಮಾರುವ ಬ್ರಿಡ್ಜ್ ಒಂದನ್ನು ತರಿಸಿದ್ದೆ. ನೋಡಲು ಅಚ್ಚುಕಟ್ಟಾಗಿತ್ತು, ಆದರೆ ಸ್ಯಾಡಲ್‌ಗಳ (ಒಂದೊಂದು ಸ್ಟ್ರಿಂಗ್ ಕೂರುವ ತುಂಡುಗಳು) ಎತ್ತರ ಹೊಂದಿಸುವ, ತಲೆಯಿಲ್ಲದ ಗ್ರಬ್ ಸ್ಕ್ರೂಗಳಲ್ಲಿ ಕೆಲವು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಆಕ್ಷನ್, ಅಂದರೆ ಸ್ಟ್ರಿಂಗ್‌ನ ಎತ್ತರ, ಹೊಂದಿಸಲು ಬಾರದ ಬ್ರಿಡ್ಜ್ ಗೋಡೆಗೆ ತೂಗುಹಾಕಲು ಮಾತ್ರ ಸರಿ. ಆಮೇಲೆ ಹೊಸ ಭಾಗಗಳನ್ನೇ ತಂದು ಹಳತು ಮಾಡುವ ಮೂರು ವಿಧಾನಗಳನ್ನೂ ಹಚ್ಚಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೆರಿಕ್ ಕ್ಲೋರೈಡ್‌ಗೆ.

ಯಾವ ದ್ರಾವಣ ಎನ್ನುವುದಕ್ಕಿಂತ ಮೊದಲು ಭಾಗದ ಮೇಲಿನ ಲೋಹಲೇಪ, ಅಂದರೆ ಪ್ಲೇಟಿಂಗ್, ಯಾವುದು ಎಂಬುದು ಗೊತ್ತಿರಬೇಕು. ಕ್ರೋಮ್ ನೀಲಿಛಾಯೆಯ ಬಿಳುಪು, ನಿಕಲ್‌ನಲ್ಲಿ ತುಸು ಹಳದಿ ಬೆಚ್ಚನೆ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ತಕ್ಷಣ ತಿಳಿಯುತ್ತದೆ. ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು; ಅದರ ಅಡಿಯಲ್ಲಿ ಹಲವು ಪಟ್ಟು ದಪ್ಪದ ನಿಕಲ್ ಇರುತ್ತದೆ. ನಿಕಲ್ ವರ್ಷಗಳು ಕಳೆದಂತೆ ತಾನಾಗಿ ಮಂಕಾಗುತ್ತದೆ. ಕ್ರೋಮ್ ಮಂಕಾಗುವುದಿಲ್ಲ, ಸೂಜಿಮೊನೆಯಷ್ಟು ತೂತುಗಳಿಂದ ಅಡಿಯ ಉಕ್ಕಿನ ತುಕ್ಕು ಮೇಲೆ ಬರುತ್ತದೆ, ಅಷ್ಟೇ. ಗಿಟಾರ್ ಕಂಪನಿ ಗಿಬ್ಸನ್ 1960ರ ದಶಕದ ನಡುವೆ ನಿಕಲ್ ಬಿಟ್ಟು ಕ್ರೋಮ್‌ಗೆ ಬದಲಾಯಿತು. ಅದಕ್ಕಿಂತ ಹಿಂದಿನ ಗಿಬ್ಸನ್‌ನ ಕಳೆ ಬೇಕೆಂದರೆ ಕ್ರೋಮ್ ಜೊತೆ ಗುದ್ದಾಡಬೇಡಿ, ನಿಕಲ್ ಭಾಗಗಳನ್ನೇ ಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಪ್ಲೇಟಿಂಗ್ ಅಡಿಯ ಲೋಹವನ್ನೂ ನೋಡಿ. ಕಾಣದ ಜಾಗದಲ್ಲಿ ಸಣ್ಣ ಅರದಿಂದ ಒಂದು ಗೀರು ಎಳೆಯಿರಿ: ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡು ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿದರೆ ಉಕ್ಕು, ಬೂದು ಕಂಡೂ ಮ್ಯಾಗ್ನೆಟ್ ಹಿಡಿಯದಿದ್ದರೆ ಸತುವಿನ ಎರಕ. ಅಗ್ಗದ ಸ್ಯಾಡಲ್, ನಾಬ್‌ಗಳು ಬಹುಪಾಲು ಈ ಕೊನೆಯ ಜಾತಿ. ಆಸಿಡ್ ತಾಗಿದ ಕೂಡಲೇ ಸತು ನೊರೆಗಟ್ಟಿ ಕಪ್ಪಾಗಿ ಗುಳಿ ಬೀಳುತ್ತದೆ. ಅದು ಹಳತಿನ ಕಳೆಯಲ್ಲ, ಕೊಳೆತ ಕಳೆ. ಸತುವಿನ ಭಾಗಗಳಿಗೆ ಎಮರಿ ಪೇಪರ್ ಬಿಟ್ಟು ಬೇರೇನೂ ಬೇಡ.

ಆಸಿಡ್ ಆವಿ ಎಲ್ಲಕ್ಕಿಂತ ವೇಗದ ದಾರಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಗಾಜಿನ ಬಟ್ಟಲಲ್ಲಿ ಸುಮಾರು 30 ಪ್ರತಿಶತದ ಹೈಡ್ರೋಕ್ಲೋರಿಕ್ ಆಸಿಡ್ ಒಂದು 20 ಮಿ.ಲೀ., ಅದರ ಮೇಲೆ ನೈಲಾನ್ ದಾರದಲ್ಲಿ ತೂಗುಬಿಟ್ಟ ಭಾಗಗಳು. ಗಂಟೆಗೊಮ್ಮೆ ತೆಗೆದು ನೋಡಬೇಕು. ಕ್ರೋಮ್ ಅನ್ನು ನಿಜವಾಗಿ ಕರಗಿಸುವುದು ಈ ಮೂರರಲ್ಲಿ ಇದೊಂದೇ, ಅದು ಇದರ ಹೆಚ್ಚುಗಾರಿಕೆ. ಆದರೆ ಹತೋಟಿ ಕಷ್ಟ: ಬಟ್ಟಲಿಗೆ ಹತ್ತಿರದ ಅಂಚು ಸುಟ್ಟಂತಾಗಿರುತ್ತದೆ, ದೂರದ ಅಂಚು ಹಾಗೇ ಹೊಳೆಯುತ್ತಿರುತ್ತದೆ. ಹನಿಗಟ್ಟಿದ ಕಡೆ ದುಂಡು ಕಲೆ ಬೀಳುತ್ತದೆ. ಇನ್ನು ಆ ಆವಿ ಡಬ್ಬಿಯೊಳಗೆ ಸುಮ್ಮನಿರುವುದೂ ಇಲ್ಲ. ಅದೇ ಕೋಣೆಯಲ್ಲಿ ಇಕ್ಕಳ, ಸ್ಕ್ರೂಡ್ರೈವರ್ ಇದ್ದರೆ ಅವಕ್ಕೂ ತುಕ್ಕು ಗ್ಯಾರಂಟಿ. ತೆರೆದ ಬಯಲು, ಆಸಿಡ್ ಆವಿಗೆಂದೇ ಇರುವ ಕಾರ್ಟ್ರಿಜ್‌ನ ಮುಖವಾಡ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಹತ್ತಿರ ಬ್ಲೀಚ್ ಇರಲೇಬಾರದು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ.

ಸ್ಟ್ರಿಂಗ್‌ನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಅನ್ನು ಈ ಡಬ್ಬಿಯ ಹತ್ತಿರವೂ ತರಬೇಡಿ. ಕಾಯಿಲ್‌ನ 42 ಗೇಜ್ ತಾಮ್ರದ ತಂತಿ ಕೂದಲಿಗಿಂತ ಹೆಚ್ಚೇನೂ ದಪ್ಪವಿಲ್ಲ. ಒಂದು ಕಡೆ ತಿಂದರೂ ಪಿಕಪ್ ಮೂಕ.

ವಿನೆಗರ್ ಸಾಧು. 5 ಪ್ರತಿಶತದ ಬಿಳಿ ವಿನೆಗರ್‌ಗೆ ಒಂದು ಚಮಚ ಉಪ್ಪು, ಬೇಗ ಆಗಬೇಕೆಂದರೆ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ. ಪ್ಲೇಟಿಂಗ್ ಸವೆದು ಉಕ್ಕು ಕಾಣುವಲ್ಲಿ ಮಾತ್ರ ಕೆಲಸ ಮಾಡುತ್ತದೆ, ಒಂದು ರಾತ್ರಿ ಬೇಕು. ಬರುವ ತುಕ್ಕು ಕೆಂಪು ಪುಡಿ, ಬೆರಳಿಗೆ ಅಂಟುತ್ತದೆ. ಮೈ ಗಟ್ಟಿಯಿರುವ ನಿಕಲ್ ಮೇಲೆ ಗುರುತೇ ಇಲ್ಲ ಎನ್ನಬಹುದು. ಸ್ಕ್ರೂ ತಲೆಗಳಿಗೆ ಮಾತ್ರ ಇದೇ ಸಾಕು: ಥರ್ಮಾಕೋಲ್ ತುಂಡಿಗೆ ಸ್ಕ್ರೂಗಳನ್ನು ತಲೆಯವರೆಗೆ ಚುಚ್ಚಿ, ತಲೆಯನ್ನು ಎಮರಿಯಿಂದ ಎರಡು ಸಲ ಉಜ್ಜಿ, ವಿನೆಗರ್ ಅದ್ದಿದ ಹತ್ತಿ ಹೊದಿಸಿಡಿ. ಮರದೊಳಗೆ ಹೋಗುವ ಥ್ರೆಡ್‌ಗೆ ತುಕ್ಕು ತಾಗಬಾರದು. ತಾಗಿದರೆ ಮುಂದೊಂದು ದಿನ ಬಿಚ್ಚುವಾಗ ತಲೆ ಮುರಿದು ಮೈ ಮರದಲ್ಲೇ ಉಳಿಯುತ್ತದೆ.

ಫೆರಿಕ್ ಕ್ಲೋರೈಡ್ ಎಂದರೆ ಸರ್ಕ್ಯೂಟ್ ಬೋರ್ಡ್‌ನ ತಾಮ್ರ ತಿನ್ನಿಸಲು ಬಳಸುವ ಕಂದು ದ್ರಾವಣ, ಸಾಮಾನ್ಯವಾಗಿ 40 ಪ್ರತಿಶತದ್ದು ಸಿಗುತ್ತದೆ. ಅಷ್ಟೇ ನೀರು ಬೆರೆಸಿ ಅರ್ಧಕ್ಕಿಳಿಸಿಕೊಳ್ಳಿ. ಲೋಹವನ್ನು ಮೊದಲು ಅಸಿಟೋನ್‌ನಿಂದ ಒರೆಸಬೇಕು, ಇಲ್ಲವಾದರೆ ನಿಮ್ಮ ಬೆರಳಚ್ಚೇ ಹೊಳೆಯುವ ಚಿತ್ರವಾಗಿ ಉಳಿಯುತ್ತದೆ. ಆಮೇಲೆ ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಬೇಕಾದ ಕಡೆಗಷ್ಟೇ ಹಚ್ಚುವುದು. ನಿಕಲ್ ಮೊದಲು ಉಸಿರು ಬಿಟ್ಟ ಕನ್ನಡಿಯಂತೆ ಮಸುಕಾಗುತ್ತದೆ, ನಂತರ ಬೂದು, ಅಡಿಯಲ್ಲಿ ತಾಮ್ರದ ಪದರವಿದ್ದರೆ ಅಂಚುಗಳಲ್ಲಿ ಗುಲಾಬಿ. ಬೂದುಬಣ್ಣಕ್ಕೆ ಬಂದಾಗ ನಿಲ್ಲಿಸಿ ನೀರಿಗೆ ಹಾಕಿ. ಇಪ್ಪತ್ತು ಸೆಕೆಂಡಿಗೊಮ್ಮೆ ಒರೆಸಿ ನೋಡುತ್ತಿದ್ದರೆ ಕೈಮೀರುವುದಿಲ್ಲ. ಕೊನೆಗೆ 0000 ಸ್ಟೀಲ್ ವುಲ್‌ನಿಂದ ಅಂಚುಗಳನ್ನು ಉಜ್ಜಿದರೆ ಅಂಗೈ ತಾಗಿ ತಾಗಿ ಬಂದಂಥ ಹೊಳಪು ಮರಳುತ್ತದೆ. ಆವಿಯಿಂದ ಈ ಸೂಕ್ಷ್ಮ ಬರುವುದೇ ಇಲ್ಲ.

ಎಲ್ಲಿ ಹಚ್ಚಬೇಕು ಎನ್ನುವುದೂ ಮುಖ್ಯ. ಇಡೀ ಬ್ರಿಡ್ಜ್ ಒಂದೇ ಸಮ ತುಕ್ಕಾಗಿದ್ದರೆ ಅದು ನಕಲಿ ಎಂದು ಬಲ್ಲವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಫೆಂಡರ್ ಕಂಪನಿಯ ಹಳೆಯ ಬೇಸ್‌ಗಳು ಬ್ರಿಡ್ಜ್ ಮೇಲೊಂದು ಲೋಹದ ಕವರ್ ಹೊತ್ತು ಬರುತ್ತಿದ್ದವು. ಅದನ್ನು ಬಿಚ್ಚದೇ ನುಡಿಸಿದ ವಾದ್ಯದಲ್ಲಿ ಬ್ರಿಡ್ಜ್ ಹೆಚ್ಚು ಕಡಿಮೆ ಹೊಸದರಂತೆಯೇ ಉಳಿದಿರುತ್ತದೆ. ಫೆಂಡರ್ ಕಸ್ಟಮ್ ಶಾಪ್ 1995ರಲ್ಲಿ ರೆಲಿಕ್ ಎಂಬ ಹೆಸರಿನಲ್ಲಿ ಹೊಸ ವಾದ್ಯವನ್ನು ಹಳತು ಮಾಡುವ ಈ ಕೆಲಸವನ್ನು ಮಾರುಕಟ್ಟೆಗೆ ತಂದ ಮೇಲೆ ಅತಿ ಮಾಡುವವರೇ ಜಾಸ್ತಿಯಾದರು.

ಫೆರಿಕ್ ಕ್ಲೋರೈಡ್‌ನ ಕಾಟ ಎಂದರೆ ಕಲೆ. ಬಟ್ಟೆ, ಚರ್ಮ, ಟೈಲ್ಸ್ ಎಲ್ಲಕ್ಕೂ ಹಳದಿ ಹತ್ತುತ್ತದೆ. ಸ್ಟೀಲ್ ಸಿಂಕ್‌ಗೆ ಸುರಿದರೆ ಸಿಂಕೂ ಹಳತಾಗುತ್ತದೆ. ತಾಮ್ರ, ನಿಕಲ್ ಕರಗಿದ ದ್ರಾವಣ ಚರಂಡಿಗೆ ಹೋಗಬಾರದು; ಪ್ಲಾಸ್ಟಿಕ್ ಬಾಟಲಿಗೆ ತಿರುಗಿ ತುಂಬಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತದೆ.

ಈಗ ಆ ಗ್ರಬ್ ಸ್ಕ್ರೂ ವಿಷಯ. ಮೂರೂ ವಿಧಾನಗಳಿಗೆ ಅಂಟಿದ ಪಿಡುಗು ಇದು, ಕೊಂಡು ತಂದ ಬ್ರಿಡ್ಜ್ ಕೆಟ್ಟದ್ದೂ ಇದರಿಂದಲೇ. ಆಸಿಡ್, ಫೆರಿಕ್ ಕ್ಲೋರೈಡ್, ಉಪ್ಪು ಬೆರೆತ ವಿನೆಗರ್ ಮೂರರಲ್ಲೂ ಕ್ಲೋರೈಡ್ ಇದೆ. ಅಡುಗೆ ಸೋಡಾ ಹಾಕಿದರೆ ಹುಳಿ ಸಾಯುತ್ತದೆ, ಕ್ಲೋರೈಡ್ ಎಲ್ಲಿಯೂ ಹೋಗುವುದಿಲ್ಲ. ಅದು ಥ್ರೆಡ್‌ನ ಸಂದಿಯಲ್ಲಿ ಕೂತು ಗಾಳಿಯ ತೇವ ಹೀರಿಕೊಂಡು ತುಕ್ಕನ್ನು ಮುಂದುವರಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಎಂ3 ಅಳತೆಯ ಸ್ಕ್ರೂ ಸ್ಯಾಡಲ್‌ನೊಳಗೆ ಬಿಗಿದುಕೊಳ್ಳುತ್ತದೆ. ಮೇಲಿನ ಆರು ಮೂಲೆಯ ಗುಳಿಗೂ ತುಕ್ಕು ಹಿಡಿದು 1.5 ಮಿ.ಮೀ. ಅಲೆನ್ ಕೀ ತಳದವರೆಗೆ ಇಳಿಯುವುದಿಲ್ಲ. ಬಲ ಹಾಕಿದರೆ ಮೂಲೆಗಳು ಸವೆದು ಗುಳಿ ದುಂಡಗಾಗುತ್ತದೆ. ಅದು ಗಟ್ಟಿಗೊಳಿಸಿದ ಉಕ್ಕು, ಡ್ರಿಲ್ ಮಾಡಿ ತೆಗೆಯಲು ಹೋದರೆ ಬಿಟ್ ಜಾರಿ ಸ್ಯಾಡಲ್ ಹಾಳಾಗುತ್ತದೆ.

ಪರಿಹಾರ ಸರಳ, ಬೇಸರದ್ದು. ಕೆಲಸಕ್ಕೆ ಮೊದಲೇ ಗ್ರಬ್ ಸ್ಕ್ರೂಗಳನ್ನು ಬಿಚ್ಚಿಟ್ಟು ಸ್ಯಾಡಲ್ ತೂತುಗಳಿಗೆ ಕರಗಿಸಿದ ಮೇಣ ತುಂಬಿ. ಆಮೇಲೆ ಬಿಸಿನೀರಿನಲ್ಲಿ ಬಿಡುತ್ತದೆ. ತೊಳೆಯುವ ಕ್ರಮ ತಪ್ಪಬಾರದು. ಮೊದಲು ಹರಿಯುವ ನೀರು, ಹಲ್ಲುಜ್ಜುವ ಬ್ರಷ್. ಆಮೇಲೆ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಹದಿನೈದು ನಿಮಿಷ. ಫೆರಿಕ್ ಕ್ಲೋರೈಡ್ ಮೆತ್ತಿರುವಾಗಲೇ ಸೋಡಾಕ್ಕೆ ಹಾಕಿದರೆ ನೊರೆಯೆದ್ದು ಕಂದು ಕೆಸರು ಕಟ್ಟಿ ಥ್ರೆಡ್ ಮುಚ್ಚಿಹೋಗುತ್ತದೆ. ನಂತರ ಡಿಸ್ಟಿಲ್ಡ್ ವಾಟರ್‌ನಲ್ಲಿ ಅರ್ಧ ಗಂಟೆ, ನೀರು ಬದಲಿಸಿ ಇನ್ನೊಮ್ಮೆ. ಹೇರ್ ಡ್ರೈಯರ್‌ನಿಂದ ಒಣಗಿಸಿ ಬಿಳಿ ಟಿಶ್ಯೂ ಮೇಲೆ ಒಂದು ವಾರ ಬಿಡಿ. ಕಿತ್ತಳೆ ಚುಕ್ಕೆ ಬಿದ್ದರೆ ಮತ್ತೆ ನೀರಿಗೆ. ಬೀಳದಿದ್ದರೆ ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ ಸವರಿ ಒರೆಸಿ, ಹೊಸ ಸ್ಟೇನ್‌ಲೆಸ್ ಗ್ರಬ್ ಸ್ಕ್ರೂ ಹಾಕಿ. ಅಷ್ಟು ಸಣ್ಣ ಸ್ಕ್ರೂ ಹೊಳೆಯುವುದನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಬ್ರಿಡ್ಜ್ ಪ್ಲೇಟಿನ ಅಡಿಭಾಗಕ್ಕೂ ತುಕ್ಕು ಬೇಡ. ಗ್ರೌಂಡ್ ತಂತಿ ತಾಗುವುದು ಅಲ್ಲಿಯೇ; ತುಕ್ಕಿದ್ದರೆ ಸ್ಟ್ರಿಂಗ್ ಮುಟ್ಟಿದರೂ ಗುಂಯ್ ಶಬ್ದ ನಿಲ್ಲುವುದಿಲ್ಲ. ಅಡಿಗೆ ಮೊದಲೇ ನೇಲ್ ಪಾಲಿಶ್ ಬಳಿದು, ಕೊನೆಗೆ ಅಸಿಟೋನ್‌ನಿಂದ ತೆಗೆಯಿರಿ. ಜೋಡಿಸಿದ ಮೇಲೆ ಸ್ಟ್ರಿಂಗ್ ಮತ್ತು ಜ್ಯಾಕ್‌ನ ಹೊರಬಳೆ ನಡುವೆ ಮಲ್ಟಿಮೀಟರ್ ಹಿಡಿದರೆ ಒಂದೆರಡು ಓಮ್ ಒಳಗೇ ತೋರಿಸಬೇಕು.

ಶ್ರುತಿ ಹೊಂದಿಸುವ ಟ್ಯೂನರ್‌ಗಳನ್ನು ಇಡಿಯಾಗಿ ಅದ್ದಬೇಡಿ. ಗೇರ್ ಬಿಚ್ಚಿಟ್ಟು ಪ್ಲೇಟಿಗೆ ಮಾತ್ರ ಕಡ್ಡಿಯಿಂದ ಹಚ್ಚಿ.

ನನಗಿರುವುದು ಮನೆಯೊಳಗಿನ ಒಂದು ಮೇಜು, ಕೆಲಸ ಮಾಡುವುದು ರಾತ್ರಿ ಊಟವಾದ ಮೇಲೆ, ಒಂದು ಸಲಕ್ಕೆ ಒಂದೇ ಭಾಗ. ಇದಕ್ಕೆ ಆವಿ ಹೊಂದುವುದಿಲ್ಲ. ಅದರ ಮುಖವಾಡದ ಖರ್ಚೇ ಆಸಿಡ್‌ಗಿಂತ ಹೆಚ್ಚು. ಫೆರಿಕ್ ಕ್ಲೋರೈಡ್ ಒಂದು ಬಾಟಲಿ ಹಲವು ಬ್ರಿಡ್ಜ್‌ಗಳಿಗೆ ಬರುತ್ತದೆ, ಕೈಗವಸು, ಕನ್ನಡಕ ಹಾಕಿ ಕಿಟಕಿ ತೆರೆದಿಟ್ಟರೆ ಸಾಕು. ಕೈಯಲ್ಲಿರುವುದು ಪೂರ್ತಿ ಕ್ರೋಮ್ ಸೆಟ್, ಜೊತೆಗೆ ತೆರೆದ ಅಂಗಳವೂ ಇದ್ದರೆ ಆಸಿಡ್ ಆವಿಯೇ ದಾರಿ. ವಿನೆಗರ್ ಸ್ಕ್ರೂಗಳಿಗೆ ಇರಲಿ. ಹಳತು ಮಾಡಿಯೇ ಬರುವ ಬ್ರಿಡ್ಜ್ ಕೊಳ್ಳುವವರು ಪೆಟ್ಟಿಗೆ ತೆರೆದ ದಿನವೇ ಪ್ರತಿ ಗ್ರಬ್ ಸ್ಕ್ರೂ ತಿರುಗಿಸಿ ನೋಡಿ. ಒಂದು ಬಿಗಿ ಅನ್ನಿಸಿದರೂ ಎಣ್ಣೆ ಹಾಕಲು ಹೋಗದೆ ವಾಪಸ್ ಕಳಿಸಿ.